ಎರಡನೆಯ ಮಾತ್ರೆ

ಮಾವಿನಕಾಯಿ ಹೋಳುಗಳನ್ನು ಒರೆಸುತ್ತ ಕೂತಿದ್ದೆ. ಆವಕಾಯಿ ಉಪ್ಪಿನಕಾಯಿಗೆ ಹಾಕುವ ಹೋಳಿನಲ್ಲಿ ಒಂದು ಹನಿ ನೀರಿನ ಪಸೆಯೂ ಇರಬಾರದು. ಒಂದೊಂದನ್ನೂ ಕೈಗೆತ್ತಿಕೊಂಡು, ಓಟೆಗೆ ಅಂಟಿದ ತೆಳು ಪೊರೆಯನ್ನು ಉಗುರಿನಿಂದ ಬಿಡಿಸಿ, ಹಳೆ ಸೀರೆಯ ಚೂರಿನಿಂದ ಒತ್ತಿ ಒರೆಸಿ ಮೊರಕ್ಕೆ ಹಾಕಬೇಕು. ವಿಜಯವಾಡದ ಭವಾನಿಪುರಂನಲ್ಲಿ ನಮ್ಮದು ಬಾಡಿಗೆ ಮನೆ. ಮೇ ತಿಂಗಳು. ಬೆಳಿಗ್ಗೆ ಹತ್ತು ಗಂಟೆಗೇ ಕೃಷ್ಣೆಯ ಕಡೆಯಿಂದ ಬರುವ ಗಾಳಿ ಒಲೆಯ ಬಾಯಿಂದ ಬಂದ ಹಾಗೆ ಬರುತ್ತಿತ್ತು.

ಪಕ್ಕದ ಮನೆಯ ಕಾಮೇಶ್ವರಿ ಕಾಂಪೌಂಡಿನ ಮೇಲಿಂದ ಕೂಗಿದರು. ನಮ್ಮ ಸಾಲಿನಲ್ಲಿ ಫೋನ್ ಇದ್ದದ್ದು ಅವರ ಮನೆಯಲ್ಲೊಂದೇ.

"ಅಕ್ಕಯ್ಯಗಾರೂ, ವೈಜಾಗಿಂದ ಫೋನು! ಯಾರೋ ರಾವ್‌ಗಾರು. ಬೇಗ ಬನ್ನಿ, ಆಯನ ಗೊಂತು ಬಾಗಾಲೇದು."

ಅವರ ಗಂಟಲು ಸರಿಯಿಲ್ಲ ಎಂದರೆ ಸುದ್ದಿ ಸರಿಯಿಲ್ಲ ಎಂದೇ ಅರ್ಥ. ಹುಳಿ ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಓಡಿದೆ.

ಫೋನಿನಲ್ಲಿ ಧಾರವಾಡದ ರಾಯರು. ಬ್ಯಾಂಕಿನಲ್ಲಿ ಆಫೀಸರಾಗಿದ್ದು ನಿವೃತ್ತರಾಗಿ, ವಿಶಾಖಪಟ್ಟಣದ ಆಚೆ ಭೀಮುನಿಪಟ್ಟಣದಲ್ಲಿ ಮನೆ ಮಾಡಿದ್ದರು. ಅವರ ಹೆಂಡತಿ ಇಂದಿರಾಬಾಯಿ ನನಗಿಂತ ಎಂಟು ವರ್ಷ ದೊಡ್ಡವರು. ನನಗೆ ಇಂದಿರಕ್ಕ.

"ಸಾವಿತ್ರಮ್ಮ, ಇಂದಿರಾಗ ಎರಡ ತಿಂಗಳಿಂದ ರಕ್ತ ಹೋಗ್ಲಿಕ್ಕೆ ಹತ್ತಿತ್ತಂತ. ನನಗ ಹೇಳೇ ಇಲ್ಲ. ಹಾಸಿಗಿ ನೋಡಿ ನನಗ ಗೊತ್ತಾತು. ಡಾಕ್ಟರಮ್ಮ ಒಳಗಿಂದ ತಗದು ಪರೀಕ್ಷಾಕ್ಕ ಕಳಿಸಿದ್ರು. ಗರ್ಭಕೋಶದಾಗ ಕ್ಯಾನ್ಸರ್ ಅಂತ ಬಂದದ. ಮಾತ್ರಿ ಬಗ್ಗೆ ಏನೇನೋ ಕೇಳ್ತಾರ. ಇಕಿ ಬಾಯೇ ಬಿಡವಲ್ಲಳು. ಸಾವಿತ್ರಿ ಬರ್ಲಿ, ಆಕಿ ಮುಂದ ಹೇಳ್ತೀನಿ ಅಂತಾಳ. ಬರ್ತೀರೇನು?"

ಮಾತ್ರೆ ಎಂದ ಕೂಡಲೇ ನನಗೆ ಎಲ್ಲ ತಿಳಿದುಹೋಯಿತು. ರಾಯರಿಗೆ ತಿಳಿಯದ್ದು, ಡಾಕ್ಟರಮ್ಮನಿಗೆ ತಿಳಿಯದ್ದು, ಎಲ್ಲ. "ಬರ್ತೀನಿ" ಎಂದೆ. ಕಾಮೇಶ್ವರಿ ನೀರು ತಂದುಕೊಟ್ಟರು. ಕುಡಿಯಲಿಲ್ಲ.

ನಾನು ಕೆಲಸಕ್ಕೆ ಹೋದವಳು ಎಂದು ಹೇಳಿಕೊಳ್ಳುವ ಹಾಗಿಲ್ಲ. ಹಾಜರಿ ಪುಸ್ತಕ ಇರಲಿಲ್ಲ, ಬೀಳ್ಕೊಡುವಾಗ ಹಾರ ಹಾಕಲಿಲ್ಲ. ಮನೆ, ದೇವರು, ಮಕ್ಕಳು, ನಡುವೆ ವಾರಕ್ಕೆ ಮೂರು ಬೆಳಗ್ಗೆ ಹೆಂಗಸರ ಡಾಕ್ಟರ ಪಕ್ಕ ಕೂತು ಕನ್ನಡದ ಹೆಂಗಸರ ಮಾತನ್ನು ತೆಲುಗಿನಲ್ಲಿ, ಡಾಕ್ಟರ ಮಾತನ್ನು ಕನ್ನಡದಲ್ಲಿ ಹೇಳುವುದು. ಮೊದಲು ವಿಶಾಖಪಟ್ಟಣದಲ್ಲಿ, ಆಮೇಲೆ ವಿಜಯವಾಡದಲ್ಲಿ, ಎಲ್ಲ ಸೇರಿ ಹದಿನೇಳು ವರ್ಷ ಮಾಡಿದೆ. ಈಗ ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಹುಡುಗಿಯರನ್ನು ಇಡುತ್ತಾರೆ. ಅಂಥ ಕೆಲಸಕ್ಕೆ ಸೇರಿದ ನನ್ನ ತಂಗಿಯ ಮಗಳು, "ದೊಡ್ಡಮ್ಮ, ನಿಂಗೆ ಗೊತ್ತಿರೋದನ್ನ ಬರೆದುಕೊಡು" ಎಂದಳು. ಅವಳು ಕೇಳಿದ್ದು ಬುದ್ಧಿಮಾತು. ನನ್ನ ಹತ್ತಿರ ಇರುವುದು ಒಂದು ತಪ್ಪು. ಅದನ್ನೇ ಬರೆಯುತ್ತಿದ್ದೇನೆ.

ನಮ್ಮ ಯಜಮಾನರು ನೌಕಾಪಡೆಯಲ್ಲಿದ್ದರು. ತಿಪಟೂರಿನ ಕಡೆಯ ನಾನು ವಿಶಾಖಪಟ್ಟಣಕ್ಕೆ ಬಂದಾಗ ತೆಲುಗಿನ ಒಂದಕ್ಷರ ಬರುತ್ತಿರಲಿಲ್ಲ. ಹಡಗು ಹೊರಟರೆ ಇವರು ತಿಂಗಳುಗಟ್ಟಲೆ ಇರುತ್ತಿರಲಿಲ್ಲ. ಹಾಲು, ಸೀಮೆಎಣ್ಣೆ, ಮಕ್ಕಳ ಜ್ವರ ಎಲ್ಲಕ್ಕೂ ನಾನೇ ಬಾಯಿ ತೆರೆಯಬೇಕು. ಹಾಗೆ ಕಲಿತೆ. ಕ್ವಾರ್ಟರ್ಸಿಗೆ ಹೊಸದಾಗಿ ಬಂದ ಕನ್ನಡದ ಹುಡುಗಿಯರು, ಬ್ಯಾಂಕಿನವರ ಮನೆಯವರು ಡಾಕ್ಟರ ಹತ್ತಿರ ಹೋಗಬೇಕಾದರೆ ನನ್ನನ್ನು ಕರೆಯುತ್ತಿದ್ದರು. ಹೀಗೆ ಐದಾರು ಸಲ ಹೋದ ಮೇಲೆ ಡಾಕ್ಟರಮ್ಮ, "ನೀನು ದಿನಾ ಒಬ್ಬರ ಹಿಂದೆ ಬರುವ ಬದಲು ಇಲ್ಲೇ ಕೂತುಬಿಡು" ಎಂದು ತಮ್ಮ ಮೇಜಿನ ಪಕ್ಕ ಒಂದು ಮರದ ಸ್ಟೂಲು ಹಾಕಿಸಿದರು.

ಡಾಕ್ಟರಮ್ಮ ಗುಂಟೂರು ಕಡೆಯವರು, ಐವತ್ತು ದಾಟಿದವರು. ನಾಲಿಗೆ ಖಾರ, ಕೈ ಮಾತ್ರ ಹೂವು. ಒಂದು ದಿನ ನೌಕಾಪಡೆಯ ಒಬ್ಬರು ಹೆಂಡತಿಯನ್ನು ಕರೆತಂದರು. ಆಕೆಗೆ ಮುಟ್ಟು ನಿಲ್ಲುವ ವಯಸ್ಸು. ಮೈಯೆಲ್ಲ ಬೆಂಕಿ, ನಿದ್ದೆಯಿಲ್ಲ. ಡಾಕ್ಟರಮ್ಮ ಏನು ಕೇಳಿದರೂ ಗಂಡನೇ ಉತ್ತರ ಕೊಡುತ್ತಿದ್ದರು. "ಅವಳಿಗೆ ಏನೂ ಇಲ್ಲ ಮೇಡಂ, ಕೋಪ ಜಾಸ್ತಿ ಅಷ್ಟೆ."

ಡಾಕ್ಟರಮ್ಮ ಕನ್ನಡಕ ಕೆಳಗಿಟ್ಟರು. ತೆಲುಗಿನಲ್ಲಿ ನನಗೆ ಹೇಳಿದರು: "ಸಾವಿತ್ರೀ, ಈ ಗಂಡಸಿಗೆ ಮುಟ್ಟು ನಿಂತು ಎಷ್ಟು ತಿಂಗಳಾಯಿತು ಕೇಳು."

ನಾನು ಗಂಡನ ಕಡೆ ತಿರುಗಿ, "ನೀವು ಸ್ವಲ್ಪ ಹೊರಗೆ ಕೂತಿರಬೇಕಂತೆ ಸರ್, ತಪ್ಪು ತಿಳೀಬೇಡಿ" ಎಂದೆ. ಅವರು ಎದ್ದು ಹೋದರು. ಡಾಕ್ಟರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ನೀನು ನನಗಿಂತ ಜಾಣೆ ಕಣಮ್ಮಾ."

ಆ ಹೊಗಳಿಕೆ ನನ್ನ ತಲೆಗೇರಿತು. ಮಾತನ್ನು ಇದ್ದ ಹಾಗೆ ದಾಟಿಸುವುದಕ್ಕಿಂತ ಒಪ್ಪಮಾಡಿ ದಾಟಿಸುವುದೇ ನನ್ನ ಕೆಲಸ ಎಂದುಕೊಂಡೆ.

ಮುಟ್ಟು ನಿಂತವರಿಗೆ ಹಾರ್ಮೋನಿನ ಮಾತ್ರೆ ಬರೆಯುವ ಮೊದಲು ಡಾಕ್ಟರಮ್ಮ ಒಂದು ಪಟ್ಟಿ ಇಟ್ಟುಕೊಂಡು ಕೇಳುತ್ತಿದ್ದರು. ತಾಯಿಗೆ, ಅಕ್ಕತಂಗಿಯರಿಗೆ ಎದೆಯ ಕ್ಯಾನ್ಸರ್ ಇತ್ತೇ? ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟಿತ್ತೇ? ಕಾಮಾಲೆ, ರಕ್ತದೊತ್ತಡ? ಚುಟ್ಟ ಸೇದುತ್ತೀರಾ? ಆ ಕಡೆಯ ಮೀನುಗಾರರ ಹೆಂಗಸರು ಚುಟ್ಟವನ್ನು ಉರಿಯುವ ತುದಿ ಬಾಯೊಳಗೆ ಇಟ್ಟುಕೊಂಡು ಸೇದುತ್ತಾರೆ. ಅವರಿಗಾಗಿ ಇದ್ದ ಪ್ರಶ್ನೆ ಅದು. ನಾನು ಅದನ್ನು ಮೈಸೂರಿನ ಬ್ಯಾಂಕ್ ಮ್ಯಾನೇಜರ ಹೆಂಡತಿಗೆ ಕೇಳಿಬಿಟ್ಟೆ. "ನಮ್ಮನ್ನ ಏನಂದ್ಕೊಂಡಿದ್ದೀರಿ ನೀವು!" ಎಂದು ಆಕೆ ಚೀಟಿ ಕೂಡ ತೆಗೆದುಕೊಳ್ಳದೆ ಹೊರಟುಹೋದರು. ಅವತ್ತಿನಿಂದ ಕನ್ನಡದವರಿಗೆ ಆ ಪ್ರಶ್ನೆ ಬಿಟ್ಟೆ. ನಾನೇ "ಇಲ್ಲ" ಎಂದು ಹೇಳಿಬಿಡುತ್ತಿದ್ದೆ.

ಒಂದು ಬಿಟ್ಟವಳಿಗೆ ಇನ್ನೊಂದು ಬಿಡುವುದು ಕಷ್ಟವಾಗಲಿಲ್ಲ. ಕ್ಯಾನ್ಸರ್ ಎಂಬ ಮಾತು ನನ್ನ ಬಾಯಲ್ಲಿ ಬರುತ್ತಿರಲಿಲ್ಲ. ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿ ಬಂದ ಬಾಯಿ. ಅಂಥ ಅಮಂಗಳವನ್ನು ಯಾರದೋ ತಾಯಿಯ ಹೆಸರಿಗೆ ಸೇರಿಸಿ ಹೇಳುವುದು ಹೇಗೆ ಎನ್ನಿಸುತ್ತಿತ್ತು. ಅದಕ್ಕೆ, "ನಿಮ್ಮ ಮನೆಯಲ್ಲಿ ಎಲ್ಲರೂ ಆರೋಗ್ಯ ತಾನೆ?" ಎಂದು ಕೇಳುತ್ತಿದ್ದೆ. ಹಾಗೆ ಕೇಳಿದರೆ ಯಾರು ಇಲ್ಲ ಎನ್ನುತ್ತಾರೆ?

ತುಮಕೂರಿನ ಒಬ್ಬಾಕೆಯೂ ಹೌದು, ಆರೋಗ್ಯವೇ ಎಂದರು. ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟರು. ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತ ಆಕೆ, "ಈ ಮಾತ್ರೆ ಉಷ್ಣ ಏನಮ್ಮ? ನಮ್ಮಕ್ಕಂಗೆ ಎದೆ ತೆಗೆದ್ಮೇಲೆ ಯಾವ್ದೋ ಮಾತ್ರೆ ಕೊಟ್ಟು ಮೈಯೆಲ್ಲ ಬೆಂದೋಗಿತ್ತು" ಎಂದರು. ಆಕೆಯ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದೆ. ಡಾಕ್ಟರಮ್ಮ ಚೀಟಿ ಹರಿದು ಹಾಕಿದರು. ಆಕೆ ಹೋದ ಮೇಲೆ ಮೂಲೆಯಲ್ಲಿದ್ದ ಕೂಸು ತೂಗುವ ತಕ್ಕಡಿ ತೋರಿಸಿ ಹೇಳಿದರು:

"ಈ ಮಾತ್ರೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಒಂದು ಕಡೆ ಅವಳ ಸಂಕಟ, ಇನ್ನೊಂದು ಕಡೆ ಅವಳಿಗೆ ಆಗಬಹುದಾದ ಅಪಾಯ. ಒಬ್ಬೊಬ್ಬಳಿಗೂ ಬೇರೆ ಬೇರೆ ತೂಕ. ತೂಗಬೇಕಾದವಳು ನಾನು, ಒಪ್ಪಬೇಕಾದವಳು ಅವಳು. ನೀನು ತಕ್ಕಡಿಗೆ ಕೈ ಹಾಕಬೇಡ."

"ತಪ್ಪಾಯಿತು" ಎಂದೆ. ಮನಸ್ಸಿನಿಂದಲೇ ಎಂದೆ. ಆಕೆಗೆ ಏನೂ ಆಗಲಿಲ್ಲವಲ್ಲ ಎಂದು ಸಂಜೆ ದೀಪದ ಮುಂದೆ ಕೈಮುಗಿದೆ. ಆ ದಿನ ದೇವರು ಕೊಟ್ಟ ಸಣ್ಣ ಸಣ್ಣ ಒಳ್ಳೆಯದನ್ನೆಲ್ಲ ದೀಪ ಹಚ್ಚುವಾಗ ಎಣಿಸುವುದು ನನ್ನ ಅಭ್ಯಾಸ. ಅದನ್ನೂ ಎಣಿಕೆಗೆ ಸೇರಿಸಿಕೊಂಡೆ. ಪಾರಾದೆ ಎಂದುಕೊಂಡೆನೇ ಹೊರತು ಕಲಿಯಲಿಲ್ಲ.

ಇಂದಿರಕ್ಕನಿಗೆ ಮುಟ್ಟು ನಿಂತದ್ದು ನಮ್ಮ ಕನ್ನಡದ ಮನೆಗಳಿಗೆಲ್ಲ ಒಂದು ಅನುಕೂಲವಾಗಿತ್ತು. ಹೇಳಲು ನಾಚಿಕೆ, ಆದರೆ ನಿಜ. ಪೂಜೆ, ಶ್ರಾದ್ಧ, ನಾಮಕರಣ ಏನೇ ಇದ್ದರೂ ಮಡಿಯಲ್ಲಿ ಅಡುಗೆಗೆ ನಿಲ್ಲುವವರು ಬೇಕು. ನಾವೆಲ್ಲ ದಿನ ಎಣಿಸಿಕೊಂಡು ಹೆದರುತ್ತಿದ್ದ ವಯಸ್ಸಿನವರು. ಇಂದಿರಕ್ಕನಿಗೆ ಆ ಭಯವಿಲ್ಲ. ಯಾವ ದಿನ ಕರೆದರೂ ಒದ್ದೆ ಸೀರೆ ಉಟ್ಟು ಬಂದು ಐವತ್ತು ಜನಕ್ಕೆ ಹೂರಣ ರುಬ್ಬಿ, ಹೋಳಿಗೆ ಬೇಯಿಸಿ, ನೈವೇದ್ಯ ಮುಗಿಸಿ, ಕೊನೆಯಲ್ಲಿ ತಾವು ಊಟ ಮಾಡುವರು. "ಲಗ್ನ ಆದಾಗಿಂದ ಇಪ್ಪತ್ತೆಂಟ ವರ್ಷ ಹೊರಗ ಕೂತೇನಿ. ಇನ್ನ ದೇವರ ಮನಿ ನನ್ನದ" ಎನ್ನುತ್ತಿದ್ದರು. ಅದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು.

ಅವರಿಗೇ ಆ ಬೆಂಕಿ ಶುರುವಾಯಿತು. ಒಲೆಯ ಮುಂದೆ ನಿಂತರೆ ಕುತ್ತಿಗೆಯಿಂದ ಮೇಲೆ ಕೆಂಪಾಗಿ, ಬೆವರು ಹರಿದು, ಸೌಟು ಬಿಟ್ಟು ಗೋಡೆ ಹಿಡಿದುಕೊಳ್ಳುವರು. ತಿಂಗಳುಗಟ್ಟಲೆ ನಿದ್ದೆಯಿಲ್ಲ. ಒಮ್ಮೆ ಕುದಿಯುವ ಸಾರಿನ ಪಾತ್ರೆ ಇಳಿಸುವಾಗ ಕಣ್ಣು ಕತ್ತಲೆ ಬಂದು ಕಾಲಿನ ಮೇಲೆ ಚೆಲ್ಲಿಕೊಂಡರು. "ಸಾಯೂದ ಬೇಕು ಅನಸ್ತದ ಸಾವಿತ್ರಿ" ಎಂದು ಅತ್ತಾಗ ನಾನೇ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ.

ಈ ಸಲ ಪಟ್ಟಿಯ ಪ್ರಶ್ನೆಗಳನ್ನೆಲ್ಲ ಕೇಳಿದೆ. ಚುಟ್ಟವನ್ನೂ ಕೇಳಿದೆ. "ಒಂದ ಕೊಡಿಸು, ಅದನ್ನೂ ನೋಡೇಬಿಡೂಣು" ಎಂದು ಆ ಸಂಕಟದಲ್ಲೂ ನಕ್ಕರು. ಡಾಕ್ಟರಮ್ಮ ಎಲ್ಲ ಬರೆದುಕೊಂಡು ಬಹಳ ಹೊತ್ತು ಯೋಚಿಸಿ ಎರಡು ಮಾತ್ರೆ ಕೊಟ್ಟರು. ಒಂದು ತಿಂಗಳ ಮೊದಲಿನಿಂದ, ಇನ್ನೊಂದು ಕೊನೆಯ ಹನ್ನೆರಡು ದಿನ, ಮೊದಲನೆಯದರ ಜೊತೆಗೆ. ಆಮೇಲೆ ನನಗೆ ಬೆರಳು ತೋರಿಸಿ ನಿಧಾನವಾಗಿ ಹೇಳಿದರು:

"ಸರಿಯಾಗಿ ಹೇಳು. ಮೊದಲನೆಯದು ಉರಿ ತಣಿಸುತ್ತದೆ. ಆದರೆ ಅದೊಂದನ್ನೇ ತೆಗೆದುಕೊಂಡರೆ ಗರ್ಭಕೋಶದ ಒಳಪದರ ದಪ್ಪವಾಗುತ್ತ ಹೋಗಿ ಮುಂದೆ ಕ್ಯಾನ್ಸರ್ ಆಗಬಹುದು. ಎರಡನೆಯದು ಅದನ್ನು ತಡೆಯುವುದಕ್ಕೆ. ಅದನ್ನು ನಿಲ್ಲಿಸಿದಾಗ ಮುಟ್ಟಿನ ಹಾಗೆ ರಕ್ತ ಹೋಗುತ್ತದೆ, ಹೋಗಬೇಕು, ಹೆದರಬಾರದು. ಎರಡೂ ಬೇಕು. ಎರಡನೆಯದು ಬೇಡ ಎಂದರೆ ಮೊದಲನೆಯದೂ ಬೇಡ."

ಇಷ್ಟು ವರ್ಷವಾದರೂ ಒಂದು ಮಾತೂ ಮರೆತಿಲ್ಲ. ನಾನು ಇಂದಿರಕ್ಕನಿಗೆ ಹೇಳಿದ್ದು ಇಷ್ಟು: "ಮೊದಲನೇದು ಉರಿಗಂತೆ ಅಕ್ಕ. ಎರಡನೇದೂ ಜೊತೆಗೆ ತಗೊಂಡ್ರೆ ಗರ್ಭಕೋಶಕ್ಕೆ ಒಳ್ಳೇದಂತೆ. ಸ್ವಲ್ಪ ರಕ್ತ ಕಾಣಬಹುದಂತೆ, ಹೆದರಬಾರದಂತೆ."

ಶುಕ್ರವಾರ ಅವತ್ತು. ಇಂದಿರಕ್ಕನ ಹಣೆಯಲ್ಲಿ ಕುಂಕುಮ ಇತ್ತು. ಆ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಕಟ್ಟುನಿಟ್ಟಿನ ಎಚ್ಚರಿಕೆಯೊಂದು ನನ್ನ ಬಾಯಲ್ಲಿ ಒಳ್ಳೆಯ ಸಲಹೆಯಾಗಿ ಹೋಯಿತು.

ಮಾತ್ರೆ ಹಿಡಿಯಿತು. ಒಂದೂವರೆ ತಿಂಗಳಲ್ಲಿ ಇಂದಿರಕ್ಕ ಮೊದಲಿನ ಹಾಗಾದರು. ರಾಯರು ಕ್ವಾರ್ಟರ್ಸಿನವರೆಗೆ ಬಂದು, "ನಮ್ಮ ಮನಿಯಾಗ ಮತ್ತ ನಗೂ ಕೇಳಸ್ತದ, ನಿಮ್ಮ ಉಪಕಾರ" ಎಂದು ಹೋದರು. ಆದರೆ ಡಾಕ್ಟರಮ್ಮ ಹೇಳಿದ್ದಂತೆ ತಿಂಗಳ ಕೊನೆಗೆ ರಕ್ತವೂ ಬಂತು. ಮೊದಲ ಸಲ ಇಂದಿರಕ್ಕ ಯಾರಿಗೂ ಹೇಳದೆ ಮೂರು ದಿನ ಹಿತ್ತಿಲ ಕೋಣೆಯಲ್ಲಿ ಕೂತರಂತೆ. ಎರಡನೆಯ ಸಲ ನಮ್ಮ ಮನೆಗೆ ಬಂದರು. ಒಳಗೆ ಬರಲಿಲ್ಲ. ಹೊಸ್ತಿಲ ಆಚೆ ನಿಂತೇ ಹೇಳಿದರು.

"ಮುದುಕಿ ಆದ ಮ್ಯಾಲ ಮತ್ತ ಹೊರಗ ಕೂಡೋದಾತಲ್ಲ ಸಾವಿತ್ರಿ. ಶ್ರಾವಣ ಬಂತು. ನಿಮ್ಮನಿ ಸತ್ಯನಾರಾಯಣ ಪೂಜಾ ಬ್ಯಾರೆ ಅದ. ಸರಿಯಾಗಿ ಅವತ್ತ ಬರ್ತದ, ನಾ ಲೆಕ್ಕಾ ಹಾಕೇನಿ. ಆ ಎರಡನೇ ಮಾತ್ರಿ ಬಿಟ್ರ ಹ್ಯಾಂಗ? ಅದು ಬರೇ ಒಳ್ಳೇದಕ್ಕ ಅಂತ ಅಂದಿದ್ದಿ ಹೌದಲ್ಲೋ?"

ಆಗ ಹೇಳಬಹುದಿತ್ತು. ಮಧ್ಯದಲ್ಲಿ ಡಾಕ್ಟರಮ್ಮ ಇರಲಿಲ್ಲ, ಅವಸರ ಇರಲಿಲ್ಲ, ನಮ್ಮಿಬ್ಬರದೇ ಭಾಷೆ. "ಇಲ್ಲ ಅಕ್ಕ, ನಾನು ಪೂರ್ತಿ ಹೇಳಿರಲಿಲ್ಲ" ಎಂದರೆ ಮುಗಿಯುತ್ತಿತ್ತು.

ಆದರೆ ನಮ್ಮ ಮನೆಯ ಪೂಜೆ. ಐವತ್ತು ಜನರನ್ನು ಕರೆದಾಗಿತ್ತು. ಇಂದಿರಕ್ಕ ಇಲ್ಲದಿದ್ದರೆ ಮಡಿಯಲ್ಲಿ ಹೋಳಿಗೆ ಮಾಡುವವರು ಯಾರೂ ಇರಲಿಲ್ಲ. ಹಬ್ಬಹುಣ್ಣಿಮೆಗೆ ಮುಟ್ಟು ಮುಂದಕ್ಕೆ ಹೋಗಲಿ ಎಂದು ಮಾತ್ರೆ ತೆಗೆದುಕೊಳ್ಳುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ; ಔಷಧದಂಗಡಿಯಲ್ಲಿ ಚೀಟಿ ಇಲ್ಲದೆಯೇ ಕೊಡುತ್ತಿದ್ದರು. ನಾನೇ ಎಷ್ಟೋ ಜನಕ್ಕೆ ತರಿಸಿಕೊಟ್ಟಿದ್ದೆ. ದೇವರ ಕೆಲಸಕ್ಕಾಗಿ ಒಂದು ಮಾತ್ರೆ ಹೆಚ್ಚು ನುಂಗಬಹುದಾದರೆ ಒಂದು ಕಡಿಮೆ ನುಂಗಿದರೆ ಏನಾದೀತು ಎಂದುಕೊಂಡೆ.

"ಬಿಡಿ ಅಕ್ಕ. ದೇವರ ಕೆಲಸಕ್ಕೆ ಬಿಟ್ಟರೆ ಅವನೇ ನೋಡ್ಕೋತಾನೆ" ಎಂದೆ.

ನನ್ನ ಸೋಮಾರಿತನಕ್ಕೆ ದೇವರನ್ನು ಜಾಮೀನು ಕೊಟ್ಟೆ. ನಾನು ಮಾಡಿದ ಪಾಪಗಳಲ್ಲಿ ಇದೇ ದೊಡ್ಡದು ಎಂದು ಈಗಲೂ ಅನ್ನಿಸುತ್ತದೆ.

ಹೋಳಿಗೆ ಬಹಳ ಚೆನ್ನಾಗಿತ್ತು. ಎಲ್ಲರೂ ಹೊಗಳಿದರು.

ಒಂದು ತಿಂಗಳಿಗೆ ಬಿಟ್ಟಿದ್ದನ್ನು ಇಂದಿರಕ್ಕ ಮತ್ತೆ ಶುರುಮಾಡಲಿಲ್ಲ. ನಾನೂ ನೆನಪಿಸಲಿಲ್ಲ. ಶ್ರಾವಣ ಹೋದರೆ ಪಕ್ಷ, ಪಕ್ಷ ಹೋದರೆ ನವರಾತ್ರಿ, ಆಮೇಲೆ ದೀಪಾವಳಿ. ಮಡಿ ಬೇಡವಾದ ತಿಂಗಳು ಯಾವುದು? ಆರು ತಿಂಗಳಿಗೆ ಡಾಕ್ಟರಮ್ಮ ನೋಡಬೇಕೆಂದರು. ಹೋದೆವು.

"ಎರಡೂ ತೆಗೆದುಕೊಳ್ಳುತ್ತಿದ್ದಾರಾ? ತಿಂಗಳಿಗೊಮ್ಮೆ ರಕ್ತ ಹೋಗುತ್ತಿದೆಯಾ?"

ನಾನು ಇಂದಿರಕ್ಕನ ಕಡೆ ತಿರುಗಿ, "ಹೇಗಿದ್ದೀರಿ ಅಂತ ಕೇಳ್ತಿದಾರೆ" ಎಂದೆ. "ಛಲೋ ಇದ್ದೀನಿ ಅಂತ ಹೇಳು" ಎಂದರು. ನಾನು ಡಾಕ್ಟರಮ್ಮನಿಗೆ, "ಎರಡೂ ತೆಗೆದುಕೊಳ್ಳುತ್ತಿದ್ದಾರೆ ಮೇಡಂ, ಎಲ್ಲ ಸರಿಯಾಗಿದೆ" ಎಂದೆ. ಅವರು ಹಾಗೇ ಬರೆದುಕೊಂಡರು. ನಿಜ ಹೇಳಿದರೆ ಸ್ಟೂಲಿನಿಂದ ಎಬ್ಬಿಸಿ ಕಳಿಸುತ್ತಾರೆ ಎಂಬ ಭಯ. ಆ ಸ್ಟೂಲು ನನಗೆ ಅಷ್ಟು ದೊಡ್ಡದಾಗಿತ್ತು.

ಅದಾದ ಮುಂದಿನ ವರ್ಷ ನಮ್ಮ ಯಜಮಾನರು ನೌಕಾಪಡೆಯಿಂದ ಬಿಡುಗಡೆಯಾಗಿ ವಿಜಯವಾಡದಲ್ಲಿ ಬ್ಯಾಂಕಿನ ಕೆಲಸಕ್ಕೆ ಸೇರಿದರು. ರಾಯರು ನಿವೃತ್ತರಾಗಿ ಭೀಮುನಿಪಟ್ಟಣಕ್ಕೆ ಹೋದರು. ಅಲ್ಲಿಂದ ಡಾಕ್ಟರಮ್ಮನ ಹತ್ತಿರ ಬರಬೇಕೆಂದರೆ ಬಸ್ಸಿನಲ್ಲಿ ಒಂದು ಗಂಟೆಯ ಮೇಲೆ. ಮೈ ಚೆನ್ನಾಗಿದ್ದ ಇಂದಿರಕ್ಕ ಹೋಗುವುದನ್ನು ಬಿಟ್ಟರು. ಮೊದಲನೆಯ ಮಾತ್ರೆ ಮಾತ್ರ ಹಳೆ ಚೀಟಿ ತೋರಿಸಿದರೆ ಸಿಗುತ್ತಿತ್ತು. ನನಗೆ ತಿಂಗಳಿಗೊಂದು ಇನ್‌ಲೆಂಡ್ ಪತ್ರ ಬರುತ್ತಿತ್ತು. ಕೊನೆಯ ಸಾಲು ಯಾವಾಗಲೂ ಒಂದೇ: "ನಿನ್ನ ಮಾತ್ರಿ ಪುಣ್ಯಾದಿಂದ ಆರಾಮ ಇದ್ದೀನಿ." ನಿನ್ನ ಮಾತ್ರೆ ಎಂದೇ ಬರೆಯುತ್ತಿದ್ದರು. ಒಂದು ಪತ್ರದಲ್ಲೂ ನಾನು ನಿಜ ಬರೆಯಲಿಲ್ಲ. ಹೀಗೆ ಆ ಪೂಜೆ ಕಳೆದು ನಾಲ್ಕು ವರ್ಷವಾಗುತ್ತ ಬಂತು.

ಫೋನ್ ಬಂದ ದಿನ ಮಧ್ಯಾಹ್ನದ ರೈಲು ಹಿಡಿದೆ. ಹೋಳುಗಳು ಮೊರದಲ್ಲೇ ಇದ್ದವು. "ನಾನು ನೋಡ್ಕೋತೀನಿ, ನೀವು ಹೊರಡಿ" ಎಂದರು ಕಾಮೇಶ್ವರಿ. ದಾರಿಯುದ್ದಕ್ಕೂ, ದೀಪ ಹಚ್ಚುವಾಗ ಎಣಿಸುವ ಹಾಗೆ, ದೇವರು ಕೊಟ್ಟಿದ್ದನ್ನು ಎಣಿಸಲು ನೋಡಿದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅಷ್ಟಕ್ಕೇ ನಿಂತಿತು.

ಮರುದಿನ ಬೆಳಿಗ್ಗೆ ಡಾಕ್ಟರಮ್ಮನ ಅದೇ ಕೋಣೆ, ಅದೇ ಮೇಜು. ನನ್ನ ಸ್ಟೂಲಿನ ಮೇಲೆ ಯಾರದೋ ಫೈಲುಗಳಿದ್ದವು. ಇಂದಿರಕ್ಕ ಇಳಿದುಹೋಗಿದ್ದರು. ನನ್ನನ್ನು ನೋಡಿ ಕೈ ಚಾಚಿ, ಮತ್ತೆ ಹಿಂದಕ್ಕೆ ಎಳೆದುಕೊಂಡು, "ಮುಟ್ಟಬ್ಯಾಡ, ನಾ ಸರಿ ಇಲ್ಲ" ಎಂದರು. ನಾನು ಹೋಗಿ ಹಿಡಿದುಕೊಂಡೆ. ಎರಡು ತಿಂಗಳು ಯಾಕೆ ಸುಮ್ಮನಿದ್ದಿರಿ ಎಂದು ಕೇಳಲಿಲ್ಲ. ರಕ್ತ ಬಂದರೆ ಹೆದರಬಾರದೆಂದು ನಾನೇ ಹೇಳಿದ್ದೆ. ಕಂಡಿತೆಂದು ಯಾರಿಗಾದರೂ ಹೇಳಿದ್ದರೆ ದೇವರ ಮನೆ ಬಿಡಬೇಕಿತ್ತು.

ಡಾಕ್ಟರಮ್ಮ ಹಳೆಯ ಕಾಗದ ಮುಂದಿಟ್ಟುಕೊಂಡಿದ್ದರು. ಅವರ ಕೈಬರಹದಲ್ಲೇ ಇತ್ತು, ಎರಡೂ ತಪ್ಪದೆ ತೆಗೆದುಕೊಳ್ಳುತ್ತಿದ್ದಾರೆ ಎಂದು.

"ಕೇಳು ಸಾವಿತ್ರೀ. ಎರಡನೆಯದು ತೆಗೆದುಕೊಂಡವರಿಗೆ ಹೀಗಾಗುವುದು ಬಹಳ ಅಪರೂಪ. ಆಪರೇಷನ್‌ಗೆ ಮೊದಲು ನನಗೆ ನಿಜ ಬೇಕು. ಅದನ್ನು ಬಿಟ್ಟು ಎಷ್ಟು ದಿನವಾಯಿತು?"

ನಾನು ಇದ್ದ ಹಾಗೆ ಕೇಳಿದೆ. ಇಂದಿರಕ್ಕ, "ನಿಮ್ಮನಿ ಸತ್ಯನಾರಾಯಣ ಪೂಜಾದಿಂದ" ಎಂದರು.

"ನಾಲ್ಕು ವರ್ಷ ಮೇಡಂ" ಎಂದೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನಾಲ್ಕು ವರ್ಷ! ನಾನು ಅಷ್ಟು ಹೇಳಿದ್ದೆ. ಯಾರು ಬಿಡಿಸಿದರು? ಕೇಳು. ಯಾರು ಹೇಳಿದರು ಅವಳಿಗೆ ಬಿಡು ಅಂತ?"

ಆ ಕೋಣೆಯಲ್ಲಿ ರಾಯರಿರಲಿಲ್ಲ, ಹೊರಗೆ ಆಪರೇಷನ್‌ಗೆ ಬೇಕಾದ ರಕ್ತಕ್ಕೆ ಓಡಾಡುತ್ತಿದ್ದರು. ನಾವು ಮೂವರೇ. ನಾನು ಇಂದಿರಕ್ಕನ ಕಡೆ ತಿರುಗಿದೆ. "ಆ ಮಾತ್ರೆ ಬಿಡು ಅಂತ ಯಾರು ಹೇಳಿದ್ದು ಅಂತ ಕೇಳ್ತಿದಾರೆ ಅಕ್ಕ."

ಇಂದಿರಕ್ಕ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಮಡಿ ಅಡುಗೆಯಲ್ಲಿ ಉಪ್ಪು ಹೆಚ್ಚಾದರೆ ಯಾರಿಗೂ ತಿಳಿಯದ ಹಾಗೆ ಸರಿಮಾಡುವಾಗ ನೋಡುತ್ತಿದ್ದರಲ್ಲ, ಹಾಗೆ.

"ಯಾರೂ ಹೇಳಿಲ್ಲ. ನಾನಾ ಬಿಟ್ಟೆ ಅಂತ ಹೇಳು. ಮಡಿಗೆ ಅಡ್ಡಿ ಆಗ್ತಿತ್ತು, ಅದಕ್ಕ ನಾನಾ ಬಿಟ್ಟೆ. ಹೇಳು."

ನಾನು ಡಾಕ್ಟರಮ್ಮನ ಕಡೆ ತಿರುಗಿ ತೆಲುಗಿನಲ್ಲಿ ಹೇಳಿದೆ: "ಯಾರೂ ಹೇಳಿಲ್ಲವಂತೆ ಮೇಡಂ. ಮಡಿಗೆ ಅಡ್ಡಿಯಾಗುತ್ತಿತ್ತಂತೆ. ಅದಕ್ಕೆ ಅವರೇ ಬಿಟ್ಟರಂತೆ."

ಅಲ್ಲಿಯವರೆಗಿನ ಅಷ್ಟು ವರ್ಷದಲ್ಲಿ ಕಷ್ಟದ ಮಾತೊಂದನ್ನು ಒಂದು ಅಕ್ಷರ ಬಿಡದೆ, ಒಂದು ಅಕ್ಷರ ಸೇರಿಸದೆ ದಾಟಿಸಿದ್ದು ಅದೊಂದೇ ಸಲ.

ಡಾಕ್ಟರಮ್ಮ ಇಂದಿರಕ್ಕನನ್ನು ಬೈದರು. ಓದುಬರಹ ಬಂದ ಹೆಂಗಸು, ಬುದ್ಧಿ ಇಲ್ಲವೇ ಎಂದರು. ಆ ಬೈಗುಳವನ್ನೂ ನಾನೇ ಕನ್ನಡದಲ್ಲಿ ಹೇಳಬೇಕಾಯಿತು. ಇಂದಿರಕ್ಕ ತಲೆ ತಗ್ಗಿಸಿ ಕೇಳಿಸಿಕೊಂಡರು, ನನ್ನ ಪಾಲಿನದನ್ನು.

ಗರ್ಭಕೋಶ ತೆಗೆದರು. ಹತ್ತು ದಿನಕ್ಕೆ ಬಂದ ವರದಿಯಲ್ಲಿ, ಒಳಪದರ ಬಿಟ್ಟು ಮುಂದೆ ಹೋಗಿಲ್ಲ ಎಂದು ಇತ್ತು. ರಾಯರು ವರಾಂಡದ ಬೆಂಚಿನ ಮೇಲೆ ಕೂತು ಮಗುವಿನ ಹಾಗೆ ಅತ್ತರು. ಮಾತ್ರೆ ನಿಂತದ್ದರಿಂದ ಇಂದಿರಕ್ಕನಿಗೆ ಉರಿ ಮತ್ತೆ ಶುರುವಾಗಿತ್ತು. ಮಂಚದ ಮೇಲೆ ಬೀಸಣಿಗೆ ಹಿಡಿದುಕೊಂಡು, "ಮಡಿಗೆ ಅಡ್ಡಿ ಮಾಡೋದು ಇನ್ನ ಏನೂ ಉಳದಿಲ್ಲ ನೋಡು, ಬೇರಸಮೇತ ತಗದಾರ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಹೊರಡುವ ದಿನ ಅವರ ಕಾಲು ಹಿಡಿದೆ. "ಅವತ್ತು ಡಾಕ್ಟರಮ್ಮ ಹೇಳಿದ್ದು ಬೇರೆ ಅಕ್ಕ. ನಾನು ನಿಮಗೆ ಪೂರ್ತಿ ಹೇಳಲಿಲ್ಲ."

"ಗೊತ್ತದ ಬಿಡು. ಪರೀಕ್ಷಾ ಮಾಡಿದ ದಿನ ಆಕಿ ಇಂಗ್ಲೀಷಿನಾಗ ಇವರಿಗೆ ಎಲ್ಲಾ ಹೇಳಿದ್ಲು. ಇವರು ನನಗ ಹೇಳಿದ್ರು. ಅವಾಗ ಗೊತ್ತಾತು." ಸ್ವಲ್ಪ ಹೊತ್ತು ಬೀಸಣಿಗೆ ಬೀಸಿಕೊಂಡರು. "ನಾನೂ ಕೇಳಬೇಕಾಗಿತ್ತು. ನಿನ್ನ ಬಾಯಿಂದ ಹೂಂ ಅನ್ನಸ್ಕೊಳ್ಳಲಿಕ್ಕೇ ಬಂದಿದ್ದೆ ನಾ. ಏಳು, ರೈಲ ತಪ್ಪತದ."

ಅವರು ಅಷ್ಟು ಹೇಳಿದ್ದು ಅವರ ದೊಡ್ಡತನ. ನನ್ನ ತಪ್ಪನ್ನು ಅದು ಒಂದು ಗುಲಗಂಜಿಯಷ್ಟೂ ಕಡಿಮೆ ಮಾಡುವುದಿಲ್ಲ. ಇಂದಿರಕ್ಕ ಆಮೇಲೆ ಬಹಳ ವರ್ಷ ಬದುಕಿದರು. ಪ್ರತಿದಿನ ದೀಪದ ಮುಂದೆ ನನ್ನ ಎಣಿಕೆ ಅಲ್ಲಿಂದಲೇ ಶುರುವಾಗುತ್ತಿತ್ತು. ಡಾಕ್ಟರಮ್ಮನಿಗೆ ಮಾತ್ರ ನಾನು ಕೊನೆಗೂ ಹೇಳಲಿಲ್ಲ. ಅವರು ಈಗಿಲ್ಲ. ಬರಹದಲ್ಲಾದರೂ ಇರಲಿ ಎಂದು ಇದು.

ಮಗಳೇ, ನೀನು ಕೇಳಿದ್ದಕ್ಕೆ ಇಷ್ಟು ಹೇಳುತ್ತೇನೆ. ಇದಾದ ಮೇಲೆ ವಿಜಯವಾಡದಲ್ಲಿ ಒಂದು ವರ್ಷ ಈ ಕೆಲಸ ಮುಟ್ಟಲಿಲ್ಲ. ಆಮೇಲೆ ಆಟೋನಗರದಲ್ಲಿ ಲಾರಿ ರಿಪೇರಿಗೆ ಬಂದಿದ್ದ ಹುಬ್ಬಳ್ಳಿಯ ಡ್ರೈವರೊಬ್ಬನ ಹೆಂಡತಿಗೆ ಹೆರಿಗೆ ನೋವು ಬಂದು, ಕನ್ನಡ ಬರುವವರು ಬೇಕೆಂದು ಹುಡುಕಿಕೊಂಡು ಬಂದರು. ಹೋದೆ. ಅಲ್ಲಿಂದ ಮುಂದೆ ಹೇಳಿದ್ದನ್ನು ಕೇಳಿಸಿಕೊಂಡವರ ಬಾಯಿಂದಲೇ ತಿರುಗಿ ಹೇಳಿಸದೆ ಯಾರನ್ನೂ ಎದ್ದು ಹೋಗಲು ಬಿಟ್ಟಿಲ್ಲ. ಕ್ಯಾನ್ಸರ್ ಎಂದರೆ ಕ್ಯಾನ್ಸರ್ ಎಂದೇ ಹೇಳಿದೆ, ಶುಕ್ರವಾರವೂ. ಈ ಮಾತ್ರೆಗಳ ವಿಷಯದಲ್ಲಿ ಡಾಕ್ಟರುಗಳ ಅಭಿಪ್ರಾಯ ನನ್ನ ಕಣ್ಣಮುಂದೆಯೇ ಬದಲಾಯಿತು. ಎಲುಬಿಗೆ ಒಳ್ಳೆಯದು, ಹೃದಯಕ್ಕೂ ಒಳ್ಳೆಯದು, ಎಲ್ಲರಿಗೂ ಕೊಡಿ ಎಂದವರನ್ನು ನೋಡಿದೆ. ಯಾರಿಗೂ ಬೇಡ ಎಂದವರನ್ನೂ ನೋಡಿದೆ. ನನಗೇ ಆ ವಯಸ್ಸು ಬಂದಾಗ ಅಪಾಯವನ್ನೆಲ್ಲ ಬಾಯಿಬಿಟ್ಟು ಕೇಳಿ ತಿಳಿದುಕೊಂಡು, ನನ್ನ ಉರಿ ತಾಳಬಲ್ಲಷ್ಟು ಇತ್ತಾದ್ದರಿಂದ, ಬೇಡ ಎಂದೆ. ಇನ್ನೊಬ್ಬಳ ಉರಿ ನನ್ನದಲ್ಲ. ಅವಳು ಪೂರ್ತಿ ಕೇಳಿ, ಅವಳೇ ಹೇಳಬೇಕು.

ಆ ಸಲ ಇಂದಿರಕ್ಕನನ್ನು ಬಿಟ್ಟು ವಿಜಯವಾಡಕ್ಕೆ ಬಂದು ಇಳಿದಾಗ ಸಂಜೆ. ಕಾಮೇಶ್ವರಿ ಜಾಡಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಬಂದರು. ಹೋಳು, ಖಾರ, ಸಾಸಿವೆಪುಡಿ, ಎಣ್ಣೆ ಎಲ್ಲ ಅವರೇ ಕಲಸಿ, ಮೂರನೆಯ ದಿನ ತಿರುವಿ, ಬಾಯಿಗೆ ಬಟ್ಟೆ ಕಟ್ಟಿಟ್ಟಿದ್ದರು.

"ಹೇಗಿದ್ದಾರೆ ಅಕ್ಕಯ್ಯಾ, ನಿಮ್ಮ ಸ್ನೇಹಿತರು?"

"ಉಳಿದರು."

"ದೇವರು ದೊಡ್ಡವನು. ಪಾಪ, ಯಾಕೆ ಹೀಗಾಯಿತಂತೆ?"

"ಒಂದು ಮಾತ್ರೆ ಬಿಟ್ಟುಬಿಟ್ಟಿದ್ದರು" ಎಂದೆ. ಕಾಮೇಶ್ವರಿ ಅಯ್ಯೋ ಎಂದರು. ಅವರ ಕೈಯಿಂದ ಜಾಡಿ ತೆಗೆದುಕೊಳ್ಳುವಾಗ, "ನಾನೇ ಬಿಡಿಸಿದ್ದೆ. ನಮ್ಮ ಮನೆಯ ಪೂಜೆಗೆ ಅಡುಗೆಯವರು ಬೇಕಿತ್ತು" ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಹೇಳಬೇಕಾದ ಡಾಕ್ಟರಮ್ಮನಿಗೆ ಹೇಳದೆ, ಹೇಳಿದರೂ ನನಗೇನೂ ನಷ್ಟವಿಲ್ಲದವರ ಮುಂದೆ ಹೇಳಿದೆ.

ಅವರು ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ.

"ಉಪ್ಪು ನಿಮ್ಮ ಕೈ ಅಳತೆ ನನಗೆ ಗೊತ್ತಿರಲಿಲ್ಲ. ಕಡಿಮೆಯಾಗಿರಬಹುದು, ನೋಡಿ" ಎಂದು ಒಳಗೆ ಹೋದರು.

ಕೈಕಾಲು ತೊಳೆದು, ಒಣ ಬಟ್ಟೆಯಿಂದ ಬೆರಳ ಸಂದಿಯವರೆಗೂ ಒರೆಸಿಕೊಂಡೆ. ಜಾಡಿಯ ಬಟ್ಟೆ ಬಿಚ್ಚಿ, ಮರದ ಸೌಟನ್ನು ತಳದವರೆಗೆ ಇಳಿಸಿ, ಅಡಿಯ ಹೋಳುಗಳನ್ನು ಮೇಲಕ್ಕೆ ತಂದೆ. ಒಂದನ್ನು ಬಾಯಿಗೆ ಹಾಕಿಕೊಂಡೆ. ಉಪ್ಪು ಸಾಲದಾಗಿತ್ತು. ಉಪ್ಪಿನ ಭರಣಿ ತರಲು ಎದ್ದೆ.